ವಾಯುಭಾರ ಕುಸಿದ ದಿನ ಅವರು ಮನೆಯಲ್ಲಿರುವುದಿಲ್ಲ

ಜುಲೈ 3

ಹವಾಮಾನ ಕಚೇರಿಯ ವೀಕ್ಷಕರಿಗೆ,

ನಮ್ಮ ಭೂಗೋಳದ ಟೀಚರ್ ತರಗತಿಯಲ್ಲಿ ಎಲ್ಲರಿಗೂ ಒಂದೊಂದು ವಿಷಯ ಹಂಚಿದ್ದಾರೆ. ನನ್ನ ಪಾಲಿಗೆ ಬಂದದ್ದು ವಾಯುಭಾರ ಕುಸಿತ. "ನಿಮ್ಮ ಮನೇಲೇ ಹವಾಮಾನದವರು ಇದ್ದಾರಲ್ಲ, ಅವರನ್ನೇ ಕೇಳು" ಎಂದರು. ನಮ್ಮ ಮನೆಯಲ್ಲಿ ಹವಾಮಾನದವರು ಇರುವುದು ಹೋದ ವರ್ಷ ಅಪ್ಪ ನಿಮ್ಮನ್ನು ಮದುವೆಯಾದ ಮೇಲೆ ಎಂದು ನಾನು ಹೇಳಲು ಹೋಗಲಿಲ್ಲ. ಟೀಚರ್ ಹೇಳಿದ್ದಕ್ಕೆ ಮಾತ್ರ ಬರೆಯುತ್ತಿದ್ದೇನೆ.

ವಾಯುಭಾರ ಕುಸಿಯುವುದು ಎಂದರೇನು? ಕುಸಿದರೆ ಮಳೆ ಯಾಕೆ ಬರಬೇಕು? ಗಾಳಿಗೆ ಭಾರ ಇದೆಯಂತೆ. ಹಾಗಿದ್ದರೆ ಅದು ನನ್ನ ತಲೆಯ ಮೇಲೆ ಕೂತಿರುವುದು ನನಗೇಕೆ ಗೊತ್ತಾಗುವುದಿಲ್ಲ? ಪುಸ್ತಕದಲ್ಲಿರುವುದನ್ನೇ ಇಳಿಸಿ ಕಳಿಸಬೇಡಿ, ಪುಸ್ತಕ ನನ್ನ ಹತ್ತಿರವೂ ಇದೆ. ನಿಮ್ಮ ಉತ್ತರ ಸರಿಯೋ ತಪ್ಪೋ ಎಂದು ಟೀಚರ್ ಹತ್ತಿರ ತೋರಿಸಿ ನೋಡುತ್ತೇನೆ.

ಇನ್ನೊಂದು ಮಾತು. ನನ್ನನ್ನು ಕೊಲ್ಲಿಯ ಈಚೆ ದಡದ ಈ ಹಾಸ್ಟೆಲಿಗೆ ಸೇರಿಸುವಾಗ ಅಪ್ಪ, "ನಾನು ಹಡಗಿನಲ್ಲಿ, ಅವರಿಗೆ ಪಾಳಿ ಕೆಲಸ, ಮನೇಲಿ ನೀನೊಬ್ಬಳೇ ಹೇಗಿರ್ತೀಯ" ಎಂದಿದ್ದರು. ನಿಜವಾದ ಕಾರಣ ಅದೇನಾ ಎಂದು ನಾನು ಕೇಳುತ್ತಿಲ್ಲ. ಸುಮ್ಮನೆ ನೆನಪಾಯಿತು.

ಇತಿ,
ಅಪ್ಪನ ಮಗಳು


ಜುಲೈ 11

ಅಪ್ಪನ ಮಗಳಿಗೆ,

ನಿನ್ನ ಪತ್ರ ಕಚೇರಿಯ ವಿಳಾಸಕ್ಕೆ ಬಂತು. ಸಾಹೇಬರು ಸರ್ಕಾರಿ ಪತ್ರ ಎಂದುಕೊಂಡು ಒಡೆದು ಓದಿ, ನಗುತ್ತಾ ನನಗೆ ಕೊಟ್ಟರು. ಮುಂದಿನದನ್ನು ಮನೆಗೇ ಬರೆ.

ಗಾಳಿಗೆ ಭಾರ ಇದೆ. ನಿನ್ನ ತಲೆಯ ಮೇಲಿಂದ ಆಕಾಶದ ತುದಿಯವರೆಗೂ ಇರುವ ಗಾಳಿಯೆಲ್ಲ ನಿನ್ನನ್ನು ಒತ್ತುತ್ತಲೇ ಇದೆ. ಆದರೆ ಅದು ಮೇಲಿನಿಂದ ಮಾತ್ರವಲ್ಲ, ಎಲ್ಲ ಕಡೆಯಿಂದಲೂ ಒತ್ತುತ್ತದೆ. ನಿನ್ನ ಮೈಯೊಳಗಿನಿಂದಲೂ ಅಷ್ಟೇ ಜೋರಾಗಿ ತಿರುಗಿ ಒತ್ತುವುದಿದೆ. ಅದಕ್ಕೇ ಗೊತ್ತಾಗುವುದಿಲ್ಲ. ಮೀನಿಗೆ ನೀರಿನ ಭಾರ ಗೊತ್ತಾಗದ ಹಾಗೆ.

ಈಗ ಸಮುದ್ರದ ಮೇಲೆ ಒಂದು ಜಾಗ ಹೆಚ್ಚು ಬಿಸಿಯಾಯಿತು ಎಂದುಕೋ. ಅಲ್ಲಿಯ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಹಗುರವಾಗುತ್ತದೆ, ಮೇಲೇರುತ್ತದೆ. ಮೇಲೆ ಹೋದದ್ದು ಅತ್ತಿತ್ತ ಹರಡಿಹೋಗುತ್ತದೆ. ಆಗ ಆ ಜಾಗದ ನೆತ್ತಿಯ ಮೇಲೆ ಮೊದಲಿಗಿಂತ ಕಡಿಮೆ ಗಾಳಿ, ಕಡಿಮೆ ಭಾರ. ಇದೇ ವಾಯುಭಾರ ಕುಸಿತ. ನಿಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳೆಲ್ಲ ಒತ್ತೊತ್ತಾಗಿ ನಿಂತಿದ್ದಾಗ ನಡುವಿನವರು ಎದ್ದು ಮೆಟ್ಟಿಲು ಹತ್ತಿದರೆ ಏನಾಗುತ್ತದೆ? ಸುತ್ತಲಿನವರು ಆ ಖಾಲಿ ಜಾಗಕ್ಕೆ ನುಗ್ಗುತ್ತಾರೆ. ಗಾಳಿಯೂ ಹಾಗೇ. ಆದರೆ ಭೂಮಿ ತಿರುಗುತ್ತಿರುವುದರಿಂದ ಅದಕ್ಕೆ ನೆಟ್ಟಗೆ ನಡುವಿಗೆ ಹೋಗಲು ಆಗುವುದಿಲ್ಲ, ಪಕ್ಕಕ್ಕೆ ಸರಿಯುತ್ತಾ ಸರಿಯುತ್ತಾ ಸುತ್ತು ಹಾಕುತ್ತದೆ. ಮಳೆಯ ವಿಷಯ ಮುಂದಿನ ಪತ್ರದಲ್ಲಿ. ಪಾಳಿಗೆ ಹೊತ್ತಾಯಿತು.

ಕೇಳದ ಪ್ರಶ್ನೆಗೆ ಉತ್ತರ ಬರೆಯುವ ಅಭ್ಯಾಸ ನನಗಿಲ್ಲ. ಕೇಳಿದರೆ ಬರೆಯುತ್ತೇನೆ.

ಇತಿ,
ವೀಕ್ಷಕಿ


ಜುಲೈ 20

ವೀಕ್ಷಕರಿಗೆ,

ಟೀಚರ್ ನಿಮ್ಮ ಉತ್ತರ ಸರಿ ಎಂದರು. ಮಕ್ಕಳು ಮೆಟ್ಟಿಲು ಹತ್ತುವುದನ್ನು ತರಗತಿಯಲ್ಲಿ ಮಾಡಿಸಿಯೂ ಬಿಟ್ಟರು. ಅವರು ನಿಮ್ಮ ಕಡೆಯವರಿರಬಹುದು. ಅದಕ್ಕೆ ನಾನೇ ಪರೀಕ್ಷೆ ಮಾಡಿದೆ. ಗಾಜಿನ ಜಾಡಿಯ ಬಾಯಿಗೆ ಬಲೂನು ಕತ್ತರಿಸಿ ಬಿಗಿದು, ಅದರ ಮೇಲೆ ಕಡ್ಡಿಯೊಂದನ್ನು ಅಂಟಿಸಿ, ಪಕ್ಕದಲ್ಲಿ ಗೆರೆ ಹಾಕಿದ ರಟ್ಟು ನಿಲ್ಲಿಸಿದೆ. ಹೊರಗಿನ ಭಾರ ಕಡಿಮೆಯಾದರೆ ಬಲೂನು ಉಬ್ಬಿ ಕಡ್ಡಿಯ ತುದಿ ಕೆಳಗಿಳಿಯಬೇಕು, ಅಲ್ಲವೇ? ಮಂಗಳವಾರ ಇಳಿಯಿತು, ಚೆನ್ನಾಗಿಯೇ ಇಳಿಯಿತು. ಮಳೆ ಬರುತ್ತದೆ ಎಂದು ಎಲ್ಲರಿಗೂ ಡಂಗುರ ಸಾರಿದೆ. ಒಂದು ಹನಿಯೂ ಬರಲಿಲ್ಲ. ಚುರುಚುರು ಬಿಸಿಲು. ಎಲ್ಲರೂ ನನ್ನನ್ನು ಆಡಿಕೊಂಡು ನಕ್ಕರು. ನಿಮ್ಮ ವಿಜ್ಞಾನ ನನಗೆ ಕೈಕೊಟ್ಟಿತು.

ಮಳೆಯ ಬಗ್ಗೆ ಬರೆಯುತ್ತೇನೆ ಎಂದಿದ್ದಿರಿ. ಬರೆಯಿರಿ.

ಈಗ ಒಂದು ಪ್ರಶ್ನೆ, ಇದು ಕೇಳಿದ ಪ್ರಶ್ನೆ. ಮೆಟ್ಟಿಲ ಕೆಳಗೆ ಅಮ್ಮನ ನೀಲಿ ಸೈಕಲ್ ಇದೆಯಲ್ಲ, ಅದರ ಚೈನಿಗೆ ಎಣ್ಣೆ ಹಾಕುತ್ತಿದ್ದೀರಾ? ಅಮ್ಮ ಬದುಕಿದ್ದಾಗ ಅದರಲ್ಲೇ ಮನೆಮನೆಗೆ ಲಸಿಕೆ ಹಾಕಲು ಹೋಗುತ್ತಿದ್ದಳು. ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಈ ವರ್ಷ ನಾನು ಉದ್ದ ಬೆಳೆದಿದ್ದೇನೆ. ಪೆಡಲು ಎಟುಕುತ್ತದೆ.

ಇತಿ,
ಅಪ್ಪನ ಮಗಳು


ಜುಲೈ 30

ಅಪ್ಪನ ಮಗಳಿಗೆ,

ಜಾಡಿಯನ್ನು ಎಲ್ಲಿಟ್ಟಿದ್ದೆ? ನೀನು ಕಿಟಕಿ ಪಕ್ಕದಲ್ಲಿ ಮಲಗುತ್ತೀಯ ಎಂದು ನಿನ್ನ ಅಪ್ಪ ಹೇಳಿದ್ದ ನೆನಪು. ಕಿಟಕಿಯಲ್ಲಿಟ್ಟಿದ್ದರೆ ಬಿಸಿಲಿಗೆ ಜಾಡಿಯೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಬಲೂನನ್ನು ಉಬ್ಬಿಸಿದೆ. ಕಡ್ಡಿ ಸುಳ್ಳು ಹೇಳಲಿಲ್ಲ. ಅದು ಜಾಡಿಯ ಬಿಸಿಯನ್ನು ಹೇಳಿತು, ನೀನು ಆಕಾಶದ ಸುದ್ದಿ ಎಂದುಕೊಂಡೆ. ಬಿಸಿಲು ಬೀಳದ ಕಪಾಟಿನೊಳಗೆ ಇಡು.

ಮಳೆ. ಸಮುದ್ರದ ಮೇಲಿಂದ ಏರುವ ಗಾಳಿ ಬರಿಗೈಯಲ್ಲಿ ಹೋಗುವುದಿಲ್ಲ, ನೀರಿನ ಆವಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಮೇಲೆ ಹೋದಷ್ಟೂ ಒತ್ತುವವರು ಕಡಿಮೆ, ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಯಲ್ಲಿ ಅಷ್ಟೊಂದು ಆವಿ ಆವಿಯಾಗಿಯೇ ಉಳಿಯಲಾರದು. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ, ಉಪ್ಪಿನ ಕಣಗಳ ಮೇಲೆ ಕೂತು ಹನಿಯಾಗುತ್ತದೆ. ಅದೇ ಮೋಡ. ಹನಿಗೆ ಹನಿ ಕೂಡಿ ದಪ್ಪಗಾದಾಗ ಮೇಲೇರುವ ಗಾಳಿಗೂ ಹೊರಲು ಆಗದೆ ಬೀಳುತ್ತದೆ.

ನನಗೆ ಈಗಲೂ ಬೆರಗಾಗುವುದು ಇನ್ನೊಂದು ಸಂಗತಿ. ಆವಿ ಹನಿಯಾಗುವಾಗ ತಾನು ಕೆಳಗಿನಿಂದ ತಂದ ಬಿಸಿಯನ್ನು ಅಲ್ಲೇ ಬಿಟ್ಟುಕೊಡುತ್ತದೆ. ಅದರಿಂದ ಗಾಳಿ ಇನ್ನೂ ಏರುತ್ತದೆ, ಕೆಳಗೆ ಭಾರ ಇನ್ನೂ ಇಳಿಯುತ್ತದೆ, ಸುತ್ತಲಿಂದ ಇನ್ನಷ್ಟು ಗಾಳಿ ನುಗ್ಗುತ್ತದೆ. ಕುಸಿತ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ನೆಲಕ್ಕೆ ಬಂದ ಮೇಲೆ ಸಮುದ್ರದ ಆವಿ ಸಿಗದೆ ಸೊರಗಿಹೋಗುತ್ತದೆ. ಅಂಥ ದಿನಗಳಲ್ಲಿ ನಮಗೆ ಮನೆ ಎಂಬುದಿಲ್ಲ. ಬದಲಿಯವರು ಬರುವವರೆಗೂ ಕಚೇರಿಯಲ್ಲೇ.

ನಿನ್ನ ಕೊನೆಯ ಪ್ರಶ್ನೆಯನ್ನೂ ಓದಿದ್ದೇನೆ.

ಇತಿ,
ವೀಕ್ಷಕಿ


ಆಗಸ್ಟ್ 8

ಪ್ರೀತಿಯ ಅಪ್ಪ,

ಹಡಗಿನ ಅಡುಗೆಮನೆ ಹೇಗಿದೆ? ಅಷ್ಟು ಜನರಿಗೆ ಬೇಯಿಸಿ ಹಾಕಿ ನಿನಗೆ ಊಟ ಮಾಡಲು ಹೊತ್ತು ಸಿಗುತ್ತದೆಯೇ?

ನಿನ್ನ ಹವಾಮಾನದವರ ಬಗ್ಗೆ ನನಗೆ ಅನುಮಾನವಿದೆ. ಚಾಡಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡ, ಪೂರ್ತಿ ಕೇಳು. ಅವರು ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತಾರೆ. ಉದ್ದುದ್ದ ಬರೆಯುತ್ತಾರೆ. ಜಾಡಿಯ ವಿಷಯದಲ್ಲಿ ಅವರು ಹೇಳಿದ್ದೇ ಸರಿಯಾಯಿತು, ಒಪ್ಪುತ್ತೇನೆ. ಆದರೆ ಅಮ್ಮನ ಸೈಕಲ್ ಬಗ್ಗೆ ಕೇಳಿದರೆ ಬಾಯಿಗೆ ಬೀಗ. "ಪ್ರಶ್ನೆಯನ್ನು ಓದಿದ್ದೇನೆ" ಎಂದು ಬರೆದಿದ್ದಾರೆ. ಓದಿದ್ದೇನೆ ಎಂದರೆ ಏನರ್ಥ? ಎಣ್ಣೆ ಹಾಕಿದ್ದರೆ ಹಾಕಿದೆ ಎನ್ನುತ್ತಿದ್ದರು. ಹಾಕಿಲ್ಲದಿದ್ದರೆ ಹಾಕಿಲ್ಲ ಎನ್ನುತ್ತಿದ್ದರು, ಅಂಥವರೇ ಅವರು. ಎರಡೂ ಅಲ್ಲ ಎಂದರೆ ಸೈಕಲ್ಲೇ ಇಲ್ಲ. ಮಾರಿದ್ದಾರೆ, ಇಲ್ಲವೇ ಗುಜರಿಗೆ ಹಾಕಿದ್ದಾರೆ.

ಬೇಸಿಗೆ ರಜೆಯಲ್ಲಿ ನನ್ನನ್ನು ಮನೆಗೆ ಕರೆಸಿಕೊಳ್ಳದೆ ನೀನೇ ಇಲ್ಲಿಗೆ ಬಂದು ಊರು ಸುತ್ತಿಸಿದೆಯಲ್ಲ, ಅದು ಯಾರ ಯೋಜನೆ? ನಿಜ ಹೇಳು.

ಇತಿ ನಿನ್ನ,
ಸಿಡುಕಿ


ಆಗಸ್ಟ್ 29

ನನ್ನ ಸಿಡುಕಿಗೆ,

ನಿನ್ನ ಪತ್ರ ಮೂರನೇ ಬಂದರಿನಲ್ಲಿ ಕೈಸೇರಿತು. ಪತ್ತೇದಾರಿ ಕೆಲಸ ಯಾವಾಗ ಶುರು ಮಾಡಿದೆ ಮಗಳೇ? ಸೈಕಲ್ ಎಲ್ಲಿಗೆ ಹೋಗುತ್ತದೆ, ಅದಕ್ಕೇನು ಕಾಲಿದೆಯಾ? ನೀನು ಓದಿನ ಕಡೆ ಗಮನ ಕೊಡು. ಅವಳು ಒಳ್ಳೆಯವಳು, ಮಾತು ಕಡಿಮೆ, ಅಷ್ಟೇ.

ಇಲ್ಲಿ ನಮ್ಮ ಕ್ಯಾಪ್ಟನ್ನಿಗೆ ಹೊಟ್ಟೆ ಕೆಟ್ಟು ಮೂರು ಹೊತ್ತೂ ಗಂಜಿ. "ನಿನ್ನ ಕೈರುಚಿಯಿಂದಲೇ ಹೀಗಾಯ್ತು" ಎಂದು ನನ್ನನ್ನೇ ಬೈಯುತ್ತಾನೆ. ಡಿಸೆಂಬರ್ ಮೊದಲ ವಾರ ಬರುತ್ತೇನೆ. ಆಗ ಕೂತು ಎಲ್ಲ ಮಾತಾಡೋಣ.

ಇತಿ,
ನಿನ್ನ ಅಪ್ಪ


ಸೆಪ್ಟೆಂಬರ್ 6

ವೀಕ್ಷಕರಿಗೆ,

ನನ್ನ ವಿಷಯ ಚೆನ್ನಾಗಿದೆ ಎಂದು ಟೀಚರ್ ಇನ್ನೂ ಬರೆಯಲು ಹೇಳಿದ್ದಾರೆ. ಅದಕ್ಕೆ ಕೆಲವು ಪ್ರಶ್ನೆಗಳು.

ಕಡ್ಡಿ ಇಳಿಯಲು ಶುರುವಾದ ಮೇಲೆ ಎಷ್ಟು ಹೊತ್ತಿಗೆ ಮಳೆ ಬರುತ್ತದೆ? ಮೊದಲ ದಿನವೇ ಗಾಳಿ ಜೋರಾಗುತ್ತದೆಯೇ ಅಥವಾ ಬೆಳಗ್ಗೆ ಸುಮ್ಮನಿದ್ದು ಆಮೇಲೆ ಜೋರಾಗುತ್ತದೆಯೇ? ಅಂಥ ದಿನ ಕೊಲ್ಲಿ ದಾಟುವ ಬೆಳಗಿನ ಲಾಂಚ್ ಓಡುತ್ತದೆಯೇ? ಕಚೇರಿಯಲ್ಲಿ ನೀವೆಲ್ಲ ಖಂಡಿತ ಇರಲೇಬೇಕೇ, ನಡುವೆ ಮನೆಗೆ ಬಂದು ಹೋಗಬಹುದೇ?

ಇತಿ,
ಅಪ್ಪನ ಮಗಳು


ಸೆಪ್ಟೆಂಬರ್ 14

ಅಪ್ಪನ ಮಗಳಿಗೆ,

ಕಡ್ಡಿ ನಿಧಾನ ಇಳಿದರೆ ಒಂದೆರಡು ದಿನ ಬಿಟ್ಟು ಮಳೆ ಬರಬಹುದು, ಬರದೆಯೂ ಹೋಗಬಹುದು. ಸರ್ರನೆ ಇಳಿದರೆ ಹುಷಾರಾಗಿರಬೇಕು. ಗಾಳಿ ಯಾವಾಗ ಜೋರಾಗುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಸಮುದ್ರ ಬೆಳಗ್ಗೆ ಎಣ್ಣೆ ಸುರಿದ ಹಾಗೆ ಸುಮ್ಮನಿದ್ದು ಮಧ್ಯಾಹ್ನಕ್ಕೆ ಎದ್ದು ನಿಂತದ್ದನ್ನು ನಾನು ನೋಡಿದ್ದೇನೆ. ಸುಮ್ಮನಿದೆ ಎಂದು ನಂಬುವಂತಿಲ್ಲ.

ಮೊದಲು ನೀನು ಕೇಳುತ್ತಿದ್ದದ್ದು ಯಾಕೆ, ಹೇಗೆ ಎಂದು. ಈಗ ಕೇಳುತ್ತಿರುವುದು ಯಾವಾಗ, ಎಷ್ಟು ಹೊತ್ತು, ಲಾಂಚ್ ಓಡುತ್ತದೆಯೇ, ನಾನು ಮನೆಯಲ್ಲಿರುತ್ತೇನೆಯೇ. ಇದು ನಿನ್ನ ಟೀಚರ್ ಕೇಳುವ ಪ್ರಶ್ನೆಗಳಲ್ಲ. ಏನು ನಿನ್ನ ಲೆಕ್ಕಾಚಾರ? ನನಗೆ ಹೇಳಲು ಇಷ್ಟವಿಲ್ಲದಿದ್ದರೆ ವಾರ್ಡನ್ನರಿಗೆ ಹೇಳು. ಮನೆಗೆ ಬರಬೇಕೆನಿಸಿದರೆ ಬರೆ, ನಾನೇ ಬಂದು ಕರೆದುಕೊಂಡು ಬರುತ್ತೇನೆ.

ಇತಿ,
ವೀಕ್ಷಕಿ


ಸೆಪ್ಟೆಂಬರ್ 18

ವೀಕ್ಷಕರಿಗೆ,

ಲೆಕ್ಕಾಚಾರ ಏನೂ ಇಲ್ಲ. ನೀವು ಎಲ್ಲದರಲ್ಲೂ ಹುಳುಕು ಹುಡುಕುತ್ತೀರಿ. ಬೇರೆಯವರ ಮೇಲೆ ಅನುಮಾನಪಡುವುದು ಒಳ್ಳೆಯದಲ್ಲ.

ಇತಿ,
ಅಪ್ಪನ ಮಗಳು


ಅಕ್ಟೋಬರ್ 5

ಅಪ್ಪ,

ವಾರ್ಡನ್ ನಿನಗೆ ತಂತಿಯೋ ಪತ್ರವೋ ಕಳಿಸುವ ಮೊದಲು ನಾನೇ ಹೇಳಿಬಿಡುತ್ತೇನೆ. ನಾನು ಚೆನ್ನಾಗಿದ್ದೇನೆ.

ಹೋದ ವಾರ ಕಪಾಟಿನೊಳಗಿನ ಕಡ್ಡಿ ಇಳಿಯತೊಡಗಿತು. ಮರುದಿನವೂ ಇಳಿಯಿತು. ಸೂರ್ಯನ ಸುತ್ತ ಉಂಗುರ ಕಟ್ಟಿತ್ತು. ರೇಡಿಯೋದಲ್ಲೂ ವಾಯುಭಾರ ಕುಸಿತ ಎಂದರು. ಹಾಗಾದರೆ ಅವರು ಕಚೇರಿಯಲ್ಲಿರುತ್ತಾರೆ, ಮನೆ ಖಾಲಿ ಎಂದುಕೊಂಡೆ. ಅದಕ್ಕೇ ನಾನು ಅಂಥ ದಿನಕ್ಕಾಗಿ ಕಾಯುತ್ತಿದ್ದದ್ದು. ಹಲ್ಲು ನೋವು, ಅತ್ತೆ ಗೇಟಿನ ಹತ್ತಿರ ಕಾಯುತ್ತಿದ್ದಾರೆ ಎಂದು ಸುಳ್ಳು ಹೇಳಿ ಹೊರಬಿದ್ದು ಮೊದಲ ಲಾಂಚ್ ಹತ್ತಿದೆ. ಕೊಲ್ಲಿ ಎಣ್ಣೆ ಸುರಿದ ಹಾಗೆ ಇತ್ತು. ಸುಮ್ಮನಿರುವ ಸಮುದ್ರವನ್ನು ನಂಬುವಂತಿಲ್ಲ ಎಂದು ಅವರು ಬರೆದದ್ದು ಆಗ ನೆನಪಾಯಿತು, ಆದರೆ ಲಾಂಚ್ ದಡ ಬಿಟ್ಟಾಗಿತ್ತು.

ನನ್ನ ಕೀಯಿಂದ ಬಾಗಿಲು ತೆಗೆದೆ. ಮೆಟ್ಟಿಲ ಕೆಳಗೆ ಸೈಕಲ್ ಇರಲಿಲ್ಲ. ಒಂದು ಬಕೆಟ್, ಎರಡು ಕೊಡೆ. ಹ್ಯಾಂಡಲ್ ಉಜ್ಜಿ ಉಜ್ಜಿ ಗೋಡೆಯ ಮೇಲಾಗಿದ್ದ ಗೀರು ಮಾತ್ರ ಹಾಗೇ ಇತ್ತು. ಅಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಅವರ ಕಪಾಟು, ಪೆಟ್ಟಿಗೆ, ಅಡುಗೆಮನೆಯ ಡಬ್ಬಿ ಎಲ್ಲ ಜಾಲಾಡಿದೆ. ಅನುಮಾನಪಡಲು ಒಂದು ಚೂರೂ ಸಿಗಲಿಲ್ಲ. ಅದರಿಂದ ಅನುಮಾನ ಇನ್ನೂ ಜಾಸ್ತಿಯಾಯಿತು.

ಅಷ್ಟರಲ್ಲಿ ಗಾಳಿ ಎದ್ದಿತು. ಅಪ್ಪ, ನಾನು ಅಂಥ ಗಾಳಿ ನೋಡಿರಲಿಲ್ಲ. ಎಲ್ಲಿಂದಲೋ ತಗಡಿನ ಹಾಳೆ ಹಾರಿಬಂದು ಅಡುಗೆಮನೆಯ ಕಿಟಕಿಗೆ ಬಡಿಯಿತು. ಗಾಜು ಒಡೆದು ಮಳೆಯೆಲ್ಲ ಒಳಗೆ. ರಸ್ತೆ ಹೊಳೆಯಾಗಿತ್ತು. ವಾಪಸ್ಸು ಹೋಗಲು ಲಾಂಚ್ ಇಲ್ಲ ಎಂದು ಕಿಟಕಿಯಿಂದ ಪಕ್ಕದ ಮನೆಯವರು ಕೂಗಿ ಹೇಳಿದರು. ನಾನು ಮೆಟ್ಟಿಲ ಕೆಳಗೆ, ಸೈಕಲ್ ಇದ್ದ ಜಾಗದಲ್ಲಿ, ಮುದುಡಿ ಕೂತೆ.

ಮಧ್ಯಾಹ್ನ ಅವರು ಬಂದರು. ಕಚೇರಿಯ ಹಳದಿ ರೇನ್‌ಕೋಟು, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ನಾನೇ ಮೊದಲು ಕೂಗಾಡಿದೆ.

"ಸೈಕಲ್ ಎಲ್ಲಿ?"

"ಮೊದಲು ತಲೆ ಒರೆಸಿಕೋ."

"ಮಾರಿದಿರಾ?"

"ಇಲ್ಲ."

"ಗುಜರಿಗೆ ಹಾಕಿದಿರಾ?"

"ಇಲ್ಲ."

"ಮತ್ತೆಲ್ಲಿ ಹೋಯ್ತು?"

"ನಿಮ್ಮ ಅಪ್ಪನ್ನ ಕೇಳು."

ಅಷ್ಟೇ. ನಾನು ಎಷ್ಟು ಕಿರುಚಿದರೂ ಅಷ್ಟೇ. ಆಮೇಲೆ ಹಲಗೆ ತಂದು ಒಡೆದ ಕಿಟಕಿಗೆ ಹೊಡೆಯತೊಡಗಿದರು. ಹಲಗೆಯನ್ನು ನಾನು ಒತ್ತಿ ಹಿಡಿದೆ. "ಅಪ್ಪನೇ ಯಾರಿಗಾದ್ರೂ ಕೊಟ್ಟರಾ?" ಎಂದು ಕೇಳಿದೆ. ಅವರು ಇನ್ನೊಂದು ಮೊಳೆ ಹೊಡೆದರು. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದದ್ದು ಅವರಿಗೆ ಅನುಕೂಲವಾಯಿತು.

ಅಪ್ಪ, ಈಗ ನಿನ್ನನ್ನೇ ಕೇಳುತ್ತಿದ್ದೇನೆ. ತಮಾಷೆ ಬೇಡ.

ಸಿಡುಕಿ


ಅಕ್ಟೋಬರ್ 9

ಅಪ್ಪನ ಮಗಳಿಗೆ,

ಒಂದು ತಿಂಗಳು ಗ್ರಂಥಾಲಯದ ಧೂಳು ಹೊಡೆಯುವ ಶಿಕ್ಷೆ ಸಿಕ್ಕಿದೆ ಎಂದು ವಾರ್ಡನ್ ಬರೆದಿದ್ದಾರೆ. ಕಡಿಮೆಯಾಯಿತು ಎಂದು ನನ್ನ ಅಭಿಪ್ರಾಯ.

ಅಂದು ಬೆಳಗ್ಗೆ ವಾರ್ಡನ್ ಕಚೇರಿಗೆ ಫೋನ್ ಮಾಡಿ ನೀನು ಕಾಣುತ್ತಿಲ್ಲ ಎಂದರು. ಕೂಡಲೇ ಜೆಟ್ಟಿಗೆ ಫೋನ್ ಮಾಡಿದೆ. ಮೊದಲ ಲಾಂಚಿನಲ್ಲಿ ಶಾಲೆಯ ಹುಡುಗಿಯೊಬ್ಬಳು ಬಂದಳೆಂದು ಜೆಟ್ಟಿಯ ಟಿಕೆಟ್‌ನವನು ಹೇಳಿದ. ಮನೆಗೆ ಹೋದಳೋ, ತಿರುಗಿ ಲಾಂಚ್ ಹತ್ತಿದಳೋ ಅವನಿಗೆ ಗೊತ್ತಿರಲಿಲ್ಲ. ಬದಲಿಯವರು ಬಂದಿರಲಿಲ್ಲ. ದೋಣಿಗಳಿಗೆ ಎಚ್ಚರಿಕೆ ಕೊಡದೆ ಎದ್ದು ಹೋಗುವಂತಿರಲಿಲ್ಲ. ಅಂದು ನಾನು ಓದಿದ ವಾಯುಭಾರದ ಅಂಕಿ ತಪ್ಪಾಗಿತ್ತು. ಇಷ್ಟು ವರ್ಷದಲ್ಲಿ ಹಾಗಾಗಿರಲಿಲ್ಲ. ಸಾಹೇಬರು ನೋಡಿ ತಿದ್ದಿದರು, "ಏನಮ್ಮ, ಇವತ್ತು ಏನಾಯ್ತು?" ಎಂದರು.

ನಿನ್ನ ಮೇಲೆ ನನಗೆ ಸಿಟ್ಟಿದೆ. ಅದು ಇನ್ನೂ ಸ್ವಲ್ಪ ದಿನ ಇರುತ್ತದೆ. ಅದಕ್ಕೂ ನಿನ್ನನ್ನು ಮನೆಗೆ ಕರೆಯುವುದಕ್ಕೂ ಸಂಬಂಧವಿಲ್ಲ. ರಜೆಗೆ ಬಾ. ಹೇಳಿ ಬಾ.

ಇತಿ,
ವೀಕ್ಷಕಿ


ಅಕ್ಟೋಬರ್ 24

ಮಗಳೇ,

ಎರಡು ಸಲ ಬರೆದು ಹರಿದು ಹಾಕಿದೆ. ಸೈಕಲ್ ನಾನೇ ಕೊಟ್ಟೆ. ಹೋದ ವರ್ಷ, ಮದುವೆಯಾದ ಮೇಲೆ ನಿನ್ನನ್ನು ಹಾಸ್ಟೆಲಿಗೆ ಬಿಟ್ಟು ಬಂದ ವಾರದಲ್ಲೇ. ನಿನ್ನ ಅತ್ತೆಗೆ ಐಸ್ ಫ್ಯಾಕ್ಟರಿಗೆ ನಡೆದು ಹೋಗಿ ಬರುವುದು ಕಷ್ಟವಾಗಿತ್ತು. ಅದು ಅರ್ಧ ಕಾರಣ. ಇನ್ನರ್ಧ ಏನೆಂದರೆ, ಸೈಕಲ್ ಮೆಟ್ಟಿಲ ಕೆಳಗೆ ನಿಂತಿದ್ದರೆ ಪ್ರತಿ ಸಲ ಬಾಗಿಲು ತೆಗೆದಾಗಲೂ ನಿನ್ನಮ್ಮ ಒಳಗಿದ್ದಾಳೆ ಎನ್ನಿಸುತ್ತಿತ್ತು. ಪ್ರತಿ ಸಲ.

ನಿನಗೆ ಹೇಳಿದರೆ ಅಳುತ್ತೀಯ ಎಂದು ಮುಂದೂಡಿದೆ. ಬೇಸಿಗೆಯಲ್ಲಿ ನಿನ್ನನ್ನು ಮನೆಗೆ ಕರೆಯದಿದ್ದದ್ದೂ ಅದಕ್ಕೇ. "ನಾನೇ ಹೇಳ್ತೀನಿ, ಅಲ್ಲೀವರೆಗೆ ನೀನು ಬಾಯಿ ಬಿಡಬೇಡ" ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೆ. ಅವಳು ಎರಡು ಸಲ ಬರೆದು ನೆನಪಿಸಿದಳು, ನಾನು ಜಾರಿಕೊಂಡೆ. ಅವಳ ತಪ್ಪು ಏನೂ ಇಲ್ಲ.

ಇತಿ,
ಅಪ್ಪ


ನವೆಂಬರ್ 9

ಅಪ್ಪ,

ನಿನ್ನ ಪತ್ರ ಬಂದಾಗ ನಾನು ರಜೆಗೆ ಮನೆಗೆ ಬಂದಿದ್ದೆ, ಹೇಳಿಯೇ ಬಂದಿದ್ದೆ. ಓದಿ ಚಿಕ್ಕಮ್ಮನ ಕೈಗೆ ಕೊಟ್ಟೆ. ಅವರು ಓದಿ ಮಡಿಸಿಟ್ಟರು. "ನೋಡಿದೆಯಾ" ಎಂದು ಒಂದು ಮಾತು ಅಂದಿದ್ದರೆ ನಾನು ಜಗಳವಾಡುತ್ತಿದ್ದೆ. ಅನ್ನಲಿಲ್ಲ. "ಅತ್ತೆ ಮನೆಗೆ ಹೋಗೋಣವಾ?" ಎಂದು ನಾನೇ ಕೇಳಿದೆ.

ಅತ್ತೆ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು. ಸೈಕಲ್ ಹಿತ್ತಿಲಲ್ಲಿತ್ತು. ಹೊಸ ಸೀಟು, ಮುಂದೆ ಬುಟ್ಟಿ, ಚೈನಿಗೆ ಎಣ್ಣೆ, ಒಂದು ಚೂರೂ ತುಕ್ಕಿಲ್ಲ. ನಾನು ಅದನ್ನೇ ನೋಡುತ್ತಾ ನಿಂತದ್ದಕ್ಕೆ ಅತ್ತೆ, "ಏನೇ, ಈಗ ಬೇಕು ಅನ್ನಿಸ್ತಿದೆಯಾ? ನೀನೇ ಬೇಡ ಅಂದೆ ಅಂತ ನಿಮ್ಮಪ್ಪ ಹೇಳಿದ್ದಕ್ಕೇ ನಾನು ತಗೊಂಡಿದ್ದು!" ಎಂದಳು.

ನಾನು ಬೇಡ ಅಂದೆನಂತೆ. ಇದನ್ನು ನೀನು ಪತ್ರದಲ್ಲಿ ಬರೆದಿರಲಿಲ್ಲ. ಚಿಕ್ಕಮ್ಮನಿಗೂ ಗೊತ್ತಿರಲಿಲ್ಲ, ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅತ್ತೆಗೆ ವಿಷಯ ತಿಳಿದಾಗ ಅಳುವುದಕ್ಕೇ ಶುರು ಮಾಡಿದಳು. ಬುಟ್ಟಿ ಬಿಚ್ಚಿಕೊಂಡು ಸೈಕಲ್ ನನ್ನ ಕೈಗೆ ಕೊಟ್ಟಳು.

ನಾನು ತೆಗೆದುಕೊಂಡು ಬಂದೆ. ಅತ್ತೆಗೆ ಕಷ್ಟ, ಗೊತ್ತು. ಇಟ್ಟುಕೋ ಅನ್ನುವಷ್ಟು ದೊಡ್ಡ ಮನಸ್ಸು ನನ್ನ ಹತ್ತಿರ ಅಂದು ಇರಲಿಲ್ಲ. ನೀನೇ ಅವಳಿಗೆ ಬೇರೆ ಸೈಕಲ್ ಕೊಡಿಸಬೇಕು. ಅಲ್ಲಿಯವರೆಗೆ ಚಿಕ್ಕಮ್ಮ ಅವಳನ್ನು ಕಚೇರಿಯ ಜೀಪಿನಲ್ಲಿ ಫ್ಯಾಕ್ಟರಿಯ ಹತ್ತಿರ ಇಳಿಸುತ್ತಾರೆ. ಸಾಹೇಬರು ಒಪ್ಪಿದ್ದಾರೆ.

ಬರುವಾಗ ಸೈಕಲ್ ತುಳಿದೆ. ಕಾಲು ಎಟುಕುತ್ತದೆ, ಆದರೆ ಬ್ರೇಕ್ ಹಿಡಿಯಲು ಬೆರಳು ಸಾಲುವುದಿಲ್ಲ. ಇಳಿಜಾರಿನಲ್ಲಿ ಚಿಕ್ಕಮ್ಮ ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡು ಓಡಿಬಂದರು. "ಬಿಡಿ, ಬಿಡಿ" ಎಂದು ಕೂಗಿದರೂ ಬಿಡಲಿಲ್ಲ. ಬೇಲಿಗೆ ಹೋಗಿ ಇಬ್ಬರೂ ಬಿದ್ದೆವು. ಅವರು ಅಷ್ಟು ಜೋರಾಗಿ ನಗುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತಾ?

ಅಳುತ್ತೀಯ ಎಂದು ಹೇಳಲಿಲ್ಲ ಅಂದೆ. ಹೌದು, ಅಳುತ್ತಿದ್ದೆ. ಒಂದು ದಿನ, ಹೆಚ್ಚೆಂದರೆ ಒಂದು ವಾರ. ಅದನ್ನು ತಪ್ಪಿಸಲು ಹೋಗಿ ನೀನು ನನ್ನ ಕೈಯಲ್ಲಿ ಇಷ್ಟು ದಿನ ಒಬ್ಬರನ್ನು ಕಳ್ಳಿಯ ಹಾಗೆ ನೋಡಿಸಿದೆ. ಅವರ ಕಪಾಟು ಜಾಲಾಡಿಸಿದೆ. ನಿನ್ನ ಮೇಲೆ ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ, ಗೊತ್ತಾ? ಅದಕ್ಕೇ ನನಗೆ ಸಂಕಟವಾಗುತ್ತಿರುವುದು. ಇನ್ನು ಮೇಲೆ ನಿನ್ನ ಪತ್ರದಲ್ಲಿ ತಮಾಷೆ ಬಂದ ಕಡೆಯೆಲ್ಲ ನಾನು ಎರಡು ಸಲ ಓದುತ್ತೇನೆ.

ಅಮ್ಮ ಒಳಗಿದ್ದಾಳೆ ಎನ್ನಿಸುತ್ತಿತ್ತು ಎಂದು ಬರೆದೆಯಲ್ಲ. ನನಗೂ ಹಾಗೇ ಅನ್ನಿಸುತ್ತಿತ್ತು. ಅದಕ್ಕೇ ನನಗೆ ಅದು ಬೇಕಿತ್ತು. ನೀನು ಹೇಳಿದ್ದರೆ ಇಬ್ಬರೂ ಒಟ್ಟಿಗೆ ಕೂತು ಏನಾದರೂ ಯೋಚನೆ ಮಾಡಬಹುದಿತ್ತು.

ಡಿಸೆಂಬರಿನಲ್ಲಿ ನಿನ್ನ ಹಡಗು ಬರುವ ದಿನ ನಾವಿಬ್ಬರೂ ಬಂದರಿಗೆ ಬರುತ್ತೇವೆ. ಇಳಿದ ತಕ್ಷಣ ನನ್ನ ಕಡೆ ಓಡಿಬರಬೇಡ. ಮೊದಲು ಚಿಕ್ಕಮ್ಮನ ಹತ್ತಿರ ಹೋಗಿ ಮಾತಾಡು. ಎಷ್ಟು ಹೊತ್ತಾದರೂ ಆಗಲಿ. ನಾನು ಆ ಕಡೆ ತಿರುಗಿ ನಿಂತಿರುತ್ತೇನೆ.

ಇತಿ ನಿನ್ನ,
ಸಿಡುಕಿ